ಮುಪ್ಪನ್ನು ತಡೆಯುವುದು ಮಾತ್ರೆಯೋ, ಗಂಜಿಯೋ?

ಶಿರಸಿ ತೋಟಿಗ: 2009ರಲ್ಲಿ ಅಮೆರಿಕದ ಮೂರು ಪ್ರಯೋಗಾಲಯಗಳು ಇಳಿವಯಸ್ಸಿನ ಇಲಿಗಳಿಗೆ ರಾಪಾಮೈಸಿನ್ ಎಂಬ ಔಷಧ ತಿನ್ನಿಸಿ ನೋಡಿದವು. ಗರಿಷ್ಠ ಆಯುಸ್ಸು ಗಂಡಿಲಿಗಳಲ್ಲಿ ಶೇ. 9, ಹೆಣ್ಣಿಲಿಗಳಲ್ಲಿ ಶೇ. 14 ಹೆಚ್ಚಿತು. ಮುಪ್ಪು ಹಣೆಬರಹವಲ್ಲ ಎನ್ನಲು ಇನ್ನೇನು ಸಾಕ್ಷಿ ಬೇಕು?

ಅಂಕೋಲೆಯ ಮೊಮ್ಮಗ: ಇಲಿಯ ಮಾತು ಬಿಡಿ. ನನ್ನ ಅಜ್ಜಿಗೆ 103. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಬಂಗಡೆ ಸಾರು, ಕತ್ತಲಾಗುವ ಮೊದಲೇ ರಾತ್ರಿಯೂಟ. ಇವತ್ತೂ ಜಗಲಿಯಲ್ಲಿ ಕುಳಿತು, ತೆಂಗಿನ ಗರಿ ಸೀಳಿ, ಕಡ್ಡಿ ಹೆರೆದು ಹಿಡಿ ಕಟ್ಟಿಟ್ಟಿದ್ದಾರೆ.

ಕಾರವಾರದವನು: 103 ಎಂದು ಹೇಳಿದವರು ಯಾರು? ಹುಟ್ಟಿದ ದಿನ ಗೊತ್ತಿಲ್ಲದವರಂತೆ ಆಧಾರ್‌ನಲ್ಲಿ ಜನವರಿ 1 ಇರಬೇಕಲ್ಲವೇ? ಸಾಲ್ ನ್ಯೂಮನ್ ಎಂಬ ಸಂಶೋಧಕರು ಇದನ್ನೇ ಕೆದಕಿದರು. ಅಮೆರಿಕದ ರಾಜ್ಯಗಳಲ್ಲಿ ಜನನ ಪ್ರಮಾಣಪತ್ರ ಜಾರಿಗೆ ಬಂದಂತೆ, 110 ದಾಟಿದವರ ದಾಖಲೆಗಳು ಶೇ. 69ರಿಂದ 82ರಷ್ಟು ಕುಸಿದದ್ದನ್ನು ತೋರಿಸಿದರು.

ಅಂಕೋಲೆಯ ಮೊಮ್ಮಗ: ಹೌದು, ಜನವರಿ 1. ಅಷ್ಟಕ್ಕೆ ನಮ್ಮ ಅಜ್ಜಿ ಸುಳ್ಳು ಹೇಳುತ್ತಾರೆ ಎನ್ನುತ್ತೀರಾ? 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನೋಡಲು ಹೋಗಿದ್ದರು. ಮಗು ಎತ್ತುವ ಹುಡುಗಿಗೆ ಏಳೆಂಟು ವರ್ಷವಾದರೂ ಆಗಿರಬೇಡವೇ?

ಕಾರವಾರದವನು: 1932ರ ಕರನಿರಾಕರಣೆಯ ದಿನಗಳನ್ನು ಉಪ್ಪಿನ ಸತ್ಯಾಗ್ರಹವೆಂದು ನೆನಪಿಟ್ಟುಕೊಂಡಿದ್ದರೆ ಅಲ್ಲೇ ಎರಡು ವರ್ಷ ಜಾರಿತು. ನನ್ನ ಅಜ್ಜ ತಾನು ಹುಟ್ಟುವ ಮೊದಲಿನ ನೆರೆಯನ್ನು ಕಣ್ಣಾರೆ ಕಂಡಂತೆ ಹೇಳುತ್ತಿದ್ದರು. ಅದು ಸುಳ್ಳಲ್ಲ, ಕೇಳಿ ಕೇಳಿ ತನ್ನದಾದ ನೆನಪು.

ಅಂಕೋಲೆಯ ಮೊಮ್ಮಗ: ನಿಮ್ಮ ಅಜ್ಜನನ್ನು ನನ್ನ ಅಜ್ಜಿಗೆ ಹೋಲಿಸಬೇಡಿ!

ಕುಮಟೆಯ ನಿವೃತ್ತ ನರ್ಸ್: ತಮ್ಮಂದಿರೇ, 101 ಆದರೇನು, 103 ಆದರೇನು? ಆ ಜೀವ ಜಗಲಿಯಿಂದ ತಾನೇ ಎದ್ದು ಒಳಗೆ ಹೋಗುತ್ತದೆಯೇ, ಹೇಳಿ. 68ಕ್ಕೇ ಬಚ್ಚಲಲ್ಲಿ ಜಾರಿ ತೊಡೆಸಂದಿಯ ಮೂಳೆ ಮುರಿದುಕೊಂಡು ಮತ್ತೆ ಏಳದವರನ್ನು ನಾನು ಎಷ್ಟು ಕಂಡಿದ್ದೇನೆ! ಮಣಿಪಾಲ ತಲುಪುವವರೆಗೂ ಆಂಬುಲೆನ್ಸ್‌ನಲ್ಲಿ ಅವರ ಕೈ ಹಿಡಿದು ಕುಳಿತಿದ್ದೇನೆ. ಕಾಲಿನ ಬಲ ಉಳಿಸುವ ಸಂಶೋಧನೆ ನನಗೆ ಬೇಕು. ಇನ್ನು ರಾಪಾಮೈಸಿನ್ ಮೂತ್ರಪಿಂಡ ಕಸಿಯಾದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಔಷಧ. ಗಾಯ ಬೇಗ ಮಾಯುವುದಿಲ್ಲ, ಬಾಯಲ್ಲಿ ಹುಣ್ಣಾಗುತ್ತದೆ.

ಶಿರಸಿ ತೋಟಿಗ: ಅಕ್ಕಾ, ಬಾಯಿಹುಣ್ಣಿಗೆ ಹೆದರಿ ವಿಜ್ಞಾನ ನಿಲ್ಲಬೇಕೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ 2024ರಲ್ಲಿ ‘ಲಾಂಗೆವಿಟಿ ಇಂಡಿಯಾ’ ಎಂಬ ಮುಪ್ಪಿನ ಸಂಶೋಧನೆಯ ಯೋಜನೆ ಆರಂಭಿಸಿದೆ.

ಕುಮಟೆಯ ನಿವೃತ್ತ ನರ್ಸ್: ನಿಲ್ಲಲಿ ಎಂದು ನಾನೆಲ್ಲಿ ಹೇಳಿದೆ? ವೈದ್ಯರನ್ನು ಕೇಳದೆ ನುಂಗಬೇಡಿ ಎನ್ನುತ್ತಿದ್ದೇನೆ. ‘ಕ್ಯಾಲರಿ’ (CALERIE) ಎಂಬ ಹೆಸರಿನ ಪ್ರಯೋಗದಲ್ಲಿ ಮನುಷ್ಯರೇ ಎರಡು ವರ್ಷ ಊಟ ತಗ್ಗಿಸಿದರು. ಗುರಿ ಶೇ. 25 ಇತ್ತು, ಸಾಧ್ಯವಾದದ್ದು ಸುಮಾರು ಶೇ. 12. ರಕ್ತದ ಒಂದು ಅಳತೆಗೋಲಿನಲ್ಲಿ ಮುಪ್ಪಿನ ವೇಗ ಶೇ. 2–3 ತಗ್ಗಿತ್ತು.

ಅಂಕೋಲೆಯ ಮೊಮ್ಮಗ: ನೋಡಿದಿರಾ, ಊಟ ತಗ್ಗಿಸಿದರೆ ಮುಪ್ಪು ತಗ್ಗುತ್ತದೆ! ಅಜ್ಜಿಯ ಗಂಜಿಯೇ ಗೆದ್ದಿತು. ಕಾರವಾರದವರೇ, ಅಜ್ಜಿಯ ತಮ್ಮನ ಜಾತಕ ಹಳೆಯ ಟ್ರಂಕಿನಲ್ಲಿದೆಯಂತೆ. ಭಾನುವಾರ ಚಿತ್ರ ಹಾಕುತ್ತೇನೆ.

ಕಾರವಾರದವನು: ಶಕವರ್ಷ ಕಾಣುವಂತೆ ತೆಗೆಯಿರಿ. ಆದರೆ ಅದು ತಮ್ಮನ ಜಾತಕ. ಅಜ್ಜಿಯದು ಎಲ್ಲಿ?