ಫ್ರೆಂಡ್ ಆ್ಯಡ್ ಆಗ್ತಾನೇ ಇಲ್ಲ, ತಲೆ ಕೆಟ್ಟುಹೋಗಿದೆ. ಯಾರಾದ್ರೂ ದಾರಿ ಹೇಳಿ

ತುಂಗಾತೀರ
ಎಲ್ರಿಗೂ ನಮಸ್ಕಾರ. ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ರೆ ಹೋಗ್ತಾನೇ ಇಲ್ಲ. ಹೆಸರು ಹುಡುಕಿದ್ರೆ ಬರುತ್ತೆ, ಆ್ಯಡ್ ಒತ್ತಿದ್ರೆ ಇಂಗ್ಲಿಷಲ್ಲಿ ಏನೋ ಬಂದು ಮತ್ತೆ ಅದೇ ಪುಟ. ಆ ಕಡೆಯಿಂದ ಕಳಿಸಿದ್ರೂ ಇಲ್ಲಿಗೆ ಬರಲ್ಲ. ಗೇಮ್ ತೆಗೆದು ಮತ್ತೆ ಹಾಕಿದ್ದಾಯ್ತು, ರೂಟರ್ ಆಫ್ ಮಾಡಿ ಆನ್ ಮಾಡಿದ್ದಾಯ್ತು. ಪ್ಲೇಸ್ಟೇಷನಲ್ಲಿ ಆನ್‌ಲೈನ್ ಆಡೋಕೆ ಬೇಕಾದ ಚಂದಾ, ಪಿಎಸ್ ಪ್ಲಸ್ಸಿಗೂ ದುಡ್ಡು ಕಟ್ಟಿದೀನಿ. ಭಾನುವಾರ ಆಡೋದು ಅಂತ ಮಾತಾಗಿದೆ, ಮನೇಲಿ ಮಗಳ ಅಳು ನೋಡಕ್ಕಾಗ್ತಿಲ್ಲ. ದಯವಿಟ್ಟು ಬೇಗ ಹೇಳಿ.

ಕೇಬಲ್_ಕಿಟ್ಟಣ್ಣ
ನ್ಯಾಟ್ ಟೈಪ್ ಎಷ್ಟು ತೋರಿಸ್ತಿದೆ? ಅಂದ್ರೆ ಹೊರಗಿಂದ ನಿಮ್ಮ ಮಿಷನ್ನಿಗೆ ನೇರ ಬರೋಕೆ ಎಷ್ಟು ತಡೆ ಇದೆ ಅನ್ನೋ ಅಂಕಿ, ಹೆಚ್ಚಾದಷ್ಟೂ ಬಿಗಿ. ಸೆಟ್ಟಿಂಗ್ಸ್, ನೆಟ್‌ವರ್ಕ್, ಕನೆಕ್ಷನ್ ಸ್ಟೇಟಸ್, ಅಲ್ಲಿ ಟೆಸ್ಟ್ ಇಂಟರ್ನೆಟ್ ಕನೆಕ್ಷನ್ ಒತ್ತಿ. 3 ಬಂದ್ರೆ ಬೇರೇನೂ ಹುಡುಕಬೇಡಿ, ಕಾಯಿಲೆ ಅದೇ.

ತುಂಗಾತೀರ
3 ಅಂತಾನೇ ಇದೆ ಸಾರ್.

ಕೇಬಲ್_ಕಿಟ್ಟಣ್ಣ
ಅದಕ್ಕೇ ಕೇಳಿದ್ದು. ರೂಟರ್ ಪುಟಕ್ಕೆ ಹೋಗಿ ವ್ಯಾನ್ ಐಪಿ ನೋಡಿ, ಇಂಟರ್ನೆಟ್ ಕಡೆಯಿಂದ ರೂಟರಿಗೆ ಸಿಕ್ಕಿರೋ ವಿಳಾಸ ಅದು. 100.64ರಿಂದ 100.127ರ ಒಳಗೆ ಶುರುವಾಗಿದ್ರೆ ನಿಮ್ಮದು ಸಿಜಿನ್ಯಾಟ್. ಅಂದ್ರೆ ಒಂದೇ ಹೊರಗಿನ ವಿಳಾಸವನ್ನ ಎಷ್ಟೋ ಮನೆಗೆ ಹಂಚಿರ್ತಾರೆ, ಹೊರಗಿಂದ ಬರೋದು ನಿಮ್ಮನೆ ಬಾಗಿಲು ಅಂತ ಗುರುತು ಹಿಡಿಯಲ್ಲ. ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ, ಅಂದ್ರೆ ನಿಮಗೊಬ್ಬರಿಗೇ ಇರೋ ಬದಲಾಗದ ವಿಳಾಸ ಕೇಳಿ. ಬಂದಮೇಲೆ ರೂಟರಲ್ಲಿ ಯುಪಿಎನ್‌ಪಿ (ಗೇಮಿಗೆ ಬೇಕಾದ ಬಾಗಿಲು ತಾನೇ ತೆಗೆಯೋ ಸೌಲಭ್ಯ) ಆನ್ ಮಾಡಿ.

ಧಾರವಾಡ_ಪೇಡೆ
ಯಾವ ಗೇಮ್ ಅಂತ ಹೇಳೇ ಇಲ್ಲಲ್ಲರೀ ಸರ? ಆ ಕಡೆಯವರ ಕಡೆ ಇರೋದು ಪಿಎಸ್ಸೋ ಬ್ಯಾರೇನೋ? ಅದನ್ನ ಮೊದಲು ಹೇಳ್ರಿ.

ತುಂಗಾತೀರ
ಮೈನ್‌ಕ್ರಾಫ್ಟ್. ನಮ್ಮದು ಪಿಎಸ್5, ಡಬ್ಲಿನ್‌ನಲ್ಲಿ ಅಕ್ಕನ ಮನೇಲಿರೋದು ನಿಂಟೆಂಡೊದವರ ಗೇಮ್ ಮಿಷನ್ ಸ್ವಿಚ್. ಐಪಿ 100.72 ಅಂತ ಶುರುವಾಗಿದೆ. ಫೋನ್ ಮಾಡ್ತೀನಿ.

ಕುಡ್ಲ_ಬ್ಲಾಕ್ಸ್
ಫೋನ್ ಮಾಡುವ ಮೊದಲು ಸ್ವಲ್ಪ ನಿಲ್ಲಿ ಮಾರಾಯ್ರೆ. ಫ್ರೆಂಡ್ ಆ್ಯಡ್ ಆಗುದು ಸರ್ವರಿನಲ್ಲಿ, ನಿಮ್ಮ ಮನೆಯಿಂದ ಅಕ್ಕನ ಮನೆಗೆ ನೇರ ಏನೂ ಹೋಗುದಿಲ್ಲ. ನ್ಯಾಟ್ ತೊಂದರೆ ಕೊಡುದು ಆಮೇಲೆ, ಗೇಮಿನಲ್ಲಿ ಒಬ್ಬರು ಕಟ್ಟಿದ ವರ್ಲ್ಡಿಗೆ ಇನ್ನೊಬ್ಬರು ಸೇರುವಾಗ. ಲಿಸ್ಟಿಗೇ ಬರುದಿಲ್ಲ ಅಂದರೆ ಅದು ಅಕೌಂಟಿನ ವಿಷಯ.

ಕೇಬಲ್_ಕಿಟ್ಟಣ್ಣ
ನ್ಯಾಟ್ 3 ಇಟ್ಕೊಂಡು ಫ್ರೆಂಡ್ ಸಿಕ್ಕಿ ಏನು ಪ್ರಯೋಜನ? ಹೇಗಿದ್ರೂ ಸರಿ ಮಾಡಲೇಬೇಕು. ನಮ್ಮನೇಲಿ ಫೈಬರ್ ಡಬ್ಬಿನ ಬ್ರಿಡ್ಜ್ ಮೋಡಿಗೆ ಹಾಕಿ ನಂದೇ ರೂಟರ್ ಕೂರಿಸಿದೀನಿ. ಮಹಡಿಗೆ ಪೈಪಲ್ಲಿ ಕ್ಯಾಟ್ 6 ನೆಟ್ ಕೇಬಲ್ ಎಳೆದು ನೇರ ಪಿಎಸ್5ಗೆ. ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಬೇರೆ. ಕರೆಂಟ್ ಹೋಗಿ ಜನರೇಟರ್ ಬರೋ ತನಕ ನೆಟ್ ಕದಲಲ್ಲ.

ಎಂಟು_ಬಿಟ್
ಕಿಟ್ಟಣ್ಣ, ಆ ಯುಪಿಎಸ್ ಯಾವುದು? ನಂದು ಕರೆಂಟ್ ಹೋದಾಗೆಲ್ಲ ರ‍್ಯಾಂಕ್ ಮ್ಯಾಚ್ ಹಾಳು. ನಾನೀಗ ಪಿಎಸ್5ಗೆ ಗೇಮ್ ತುಂಬಿಡೋ ಎಸ್‌ಎಸ್‌ಡಿ, ಬಿಸಿ ಇಳಿಸೋ ಹೀಟ್‌ಸಿಂಕ್ ಸಮೇತ 2 ಟಿಬಿ ಹಾಕ್ಸಿದೀನಿ, ಲೋಡಿಂಗ್ ನೋಡ್ಬೇಕು ನೀವು.

ಕೇಬಲ್_ಕಿಟ್ಟಣ್ಣ
ಮೆಸೇಜ್ ಮಾಡಿ, ಫೋಟೋ ಕಳಿಸ್ತೀನಿ. ಹೀಟ್‌ಸಿಂಕ್ ಎತ್ತರ ಅಳೆದು ತಗೊಂಡ್ರಾ? ಎಸ್‌ಎಸ್‌ಡಿ ಸೇರಿ ಒಟ್ಟು 11.25 ಮಿಲಿಮೀಟರ್ ದಾಟಿದ್ರೆ ಮುಚ್ಚಳ ಕೂರಲ್ಲ.

ಕುಡ್ಲ_ಬ್ಲಾಕ್ಸ್
ಅಲ್ಲಿ ಮಗು ಅಳ್ತಾ ಉಂಟು, ಇಲ್ಲಿ ಹೀಟ್‌ಸಿಂಕ್ ಅಳತೆ. ಅದಕ್ಕೆ ಬೇರೆ ಚರ್ಚೆ ತೆಗೆಯಿರಿ.

ತುಂಗಾತೀರ
ಸ್ಟ್ಯಾಟಿಕ್ ಐಪಿ ತಗೊಂಡೆ, ಅದಕ್ಕೆ ಬೇರೆ ದುಡ್ಡು. ನ್ಯಾಟ್ ಈಗ 2 ತೋರಿಸ್ತಿದೆ. ಫ್ರೆಂಡ್ ಮಾತ್ರ ಇವತ್ತೂ ಆ್ಯಡ್ ಆಗ್ಲಿಲ್ಲ. ಅದೇ ಸಂದೇಶ. ಸಾಕಾಗಿಹೋಗಿದೆ.

ಕೇಬಲ್_ಕಿಟ್ಟಣ್ಣ
ಹಾಗಾದ್ರೆ ಪಿಎಸ್5ನ ಡಿಎಂಜೆಡ್‌ಗೆ, ಅಂದ್ರೆ ರೂಟರ್ ತಡೆ ಹಾಕದ ಜಾಗಕ್ಕೆ ಹಾಕಿ ನೋಡಿ. ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡೋ ಡಿಎನ್‌ಎಸ್ 8.8.8.8 ಮಾಡಿ.

ಧಾರವಾಡ_ಪೇಡೆ
ಡಿಎಂಜೆಡ್ ಬ್ಯಾಡ್ರೀ, ಸುಮ್ನ ಇರ್ರಿ. ತುಂಗಾತೀರ ಅವರ, ಎರಡ ಮಾತು ಹೇಳ್ರಿ. ಆ ಇಂಗ್ಲಿಷ್ ಸಂದೇಶ ಪೂರ್ತಿ ಏನೈತಿ? ಆಡೋ ಅಕೌಂಟ್ ಯಾರ ಹೆಸರಿಂದು, ನಿಮ್ಮದೋ ಮಕ್ಕಳದೋ?

ತುಂಗಾತೀರ
ಮಗಳದ್ದು, ಹುಟ್ಟಿದ್ದು 2015. ಗೇಮ್ ಮೊದಲು ಹಾಕಿದಾಗ ಟಿವಿ ಮೇಲೆ ಒಂದು ಕೋಡ್ ಬಂತು, ಅದನ್ನ ನನ್ನ ಫೋನಲ್ಲಿ ಹಾಕಿ ಅವಳ ಹೆಸರಿಗೆ ಮೈಕ್ರೋಸಾಫ್ಟ್ ಅಕೌಂಟ್ ಮಾಡಿದ್ದೆ. ಸಂದೇಶದ ಸಾರಾಂಶ ಇಷ್ಟು: ನಿಮ್ಮ ಅಕೌಂಟ್ ಹೊಂದಿಸಿರೋ ರೀತಿಯಿಂದ ಇದು ಆಗಲ್ಲ, ಪ್ರೈವೆಸಿ ಮತ್ತು ಆನ್‌ಲೈನ್ ಸೇಫ್ಟಿ ಸೆಟ್ಟಿಂಗ್ ನೋಡಿ.

ಧಾರವಾಡ_ಪೇಡೆ
ಹಂಗಾದ್ರ ಮುಗೀತು. ಅದು ಚೈಲ್ಡ್ ಅಕೌಂಟ್, ಬೀಗ ಅಲ್ಲೈತಿ. ಬ್ರೌಸರ್‌ನ್ಯಾಗ ಮೈಕ್ರೋಸಾಫ್ಟ್‌ನವರದೇ ಎಕ್ಸ್‌ಬಾಕ್ಸ್ ಸೈಟ್ ತಗೀರಿ, ಪ್ರೈವೆಸಿ ಸೆಟ್ಟಿಂಗ್ಸ್ ಒಳಗ ಹೋಗ್ರಿ. ಫ್ರೆಂಡ್ಸ್ ಆ್ಯಡ್ ಮಾಡೂದು, ಮಲ್ಟಿಪ್ಲೇಯರ್ ಸೇರೂದು, ಎಕ್ಸ್‌ಬಾಕ್ಸ್ ಹೊರಗಿನವರ ಜೋಡಿ ಆಡೂದು, ಈ ಮೂರಕ್ಕೂ ಅಲೋ ಕೊಡ್ರಿ. ಕೆಳಗ ಸಬ್ಮಿಟ್ ಒತ್ತೂದು ಮರೀಬ್ಯಾಡ್ರಿ.

ತುಂಗಾತೀರ
ನಮ್ಮನೇಲಿ ಎಕ್ಸ್‌ಬಾಕ್ಸೇ ಇಲ್ಲ, ಆ ಸೈಟಿಗೆ ಯಾಕೆ ಹೋಗ್ಬೇಕು? ಆದ್ರೂ ಹೋದೆ. ಮಗಳ ಅಕೌಂಟಲ್ಲಿ ಲಾಗಿನ್ ಆದ್ರೆ ಬ್ಲಾಕ್ ಅನ್ನೋದು ಟಿಕ್ ಆಗಿದೆ, ಅಲೋ ಬೂದು ಬಣ್ಣದಲ್ಲಿದೆ, ಒತ್ತಿದ್ರೆ ಏನೂ ಆಗ್ತಿಲ್ಲ.

ಕುಡ್ಲ_ಬ್ಲಾಕ್ಸ್
2014ರಲ್ಲಿ ಮೈಕ್ರೋಸಾಫ್ಟ್ ಈ ಗೇಮ್ ಮಾಡಿದ ಮೊಜಾಂಗ್ ಕಂಪನಿಯನ್ನೇ ತಗೊಂಡಿತಲ್ಲ. ನೀವು ಪಿಎಸ್‌ನಲ್ಲಿ ಆಡಿ, ಸ್ವಿಚ್‌ನಲ್ಲಿ ಆಡಿ, ಮೊಬೈಲಿನಲ್ಲಿ ಆಡಿ, ಬೇರೆ ಬೇರೆ ಮಿಷನ್ನಿನವರು ಒಟ್ಟಿಗೆ ಸೇರುವ ಲಿಸ್ಟ್ ಇರುದು ಎಕ್ಸ್‌ಬಾಕ್ಸ್ ನೆಟ್‌ವರ್ಕಿನಲ್ಲಿ. ಪಿಎಸ್‌ನ ಲಿಸ್ಟ್ ಬೇರೆಯೇ, ಸ್ವಿಚ್‌ನವರು ಅದರಲ್ಲಿ ಯಾವತ್ತೂ ಕಾಣುದಿಲ್ಲ. ಬೂದು ಬಣ್ಣಕ್ಕೆ ಕಾರಣ, ಮಗು ತನ್ನ ಬೀಗ ತಾನೇ ತೆಗೆಯುವ ಹಾಗಿಲ್ಲ. ಲಾಗೌಟ್ ಮಾಡಿ ನಿಮ್ಮ ಅಕೌಂಟಿನಲ್ಲಿ ಬನ್ನಿ, ಅದೇ ಪುಟದಲ್ಲಿ ಫ್ಯಾಮಿಲಿಯವರ ಹೆಸರು ಬರ್ತದೆ, ಮಗಳ ಹೆಸರು ಆರಿಸಿ ಬದಲಾಯಿಸಿ. ಮತ್ತೆ ಪಿಎಸ್5ನಲ್ಲಿ ಗೇಮಿನ ಒಳಗೆ ಮೈಕ್ರೋಸಾಫ್ಟ್ ಅಕೌಂಟ್ ಸೈನ್ ಔಟ್ ಮಾಡಿ ಪುನಃ ಸೈನ್ ಇನ್ ಆಗಿ. ಹಾಗೆ ಮಾಡದಿದ್ದರೆ ಹಳೆಯ ಸೆಟ್ಟಿಂಗೇ ಉಳಿಯುದುಂಟು.

ಧಾರವಾಡ_ಪೇಡೆ
ಇನ್ನೊಂದು ಬೀಗ ಐತಿ. ಪಿಎಸ್‌ನ್ಯಾಗೂ ಮಗಳದು ಚೈಲ್ಡ್ ಅಕೌಂಟ್ ಇದ್ರ, ಅಲ್ಲಿ ಫ್ಯಾಮಿಲಿ ಮ್ಯಾನೇಜ್‌ಮೆಂಟ್ ಒಳಗ ಕಮ್ಯುನಿಕೇಶನ್ ಅನ್ನೂದಕ್ಕ ತಡೆ ಇರತೈತಿ. ಅದನ್ನೂ ತೆಗೀರಿ. ಎರಡೂ ಕಡೆ ತೆಗೀಲಿಕ್ಕೇ ಬೇಕು.

ತುಂಗಾತೀರ
ಎರಡೂ ಮಾಡಿದೆ. ಈಗ ಆ ಸಂದೇಶ ಬರ್ತಿಲ್ಲ, ರಿಕ್ವೆಸ್ಟ್ ಹೋಯ್ತು! ಆದ್ರೆ ಅಕ್ಕನ ಮಗನಿಗೆ ತಲುಪಿಲ್ಲ ಅಂತಾನೆ.

ಕುಡ್ಲ_ಬ್ಲಾಕ್ಸ್
ಅವನೂ ಸಣ್ಣವನೇ ಅಲ್ವಾ? ಅಲ್ಲಿಯೂ ಇದೇ ಕೆಲಸ, ಅಕ್ಕನ ಲಾಗಿನ್‌ನಿಂದ ಆಗಬೇಕು. ಅವನು ಒಪ್ಪಿದರೆ ಮಾತ್ರ ಫ್ರೆಂಡ್. ಮೊದಲು ಫಾಲೋ ಮಾಡಿದ ಹಾಗೆ ಒಂದೇ ಕಡೆಯಿಂದ ಆಗ್ತಿತ್ತು, ಈಗ ಹಾಗಿಲ್ಲ. ಸ್ವಿಚ್ ಆನ್‌ಲೈನ್ ಮೆಂಬರ್‌ಶಿಪ್ ಉಂಟಾ ಕೇಳಿ, ಅದಿಲ್ಲದೆ ವರ್ಲ್ಡಿಗೆ ಬರ್ಲಿಕ್ಕೆ ಆಗುದಿಲ್ಲ. ಎರಡೂ ಕಡೆ ಗೇಮ್ ಅಪ್‌ಡೇಟ್ ಆಗಿರಲಿ.

ತುಂಗಾತೀರ
ಅಕ್ಕನ ಜೊತೆ ವಿಡಿಯೋ ಕಾಲಲ್ಲಿ ಕೂತು ಒಂದೊಂದೇ ಸಾಲು ಓದಿಸಿ ಮಾಡ್ಸಿದೆ. ಆ್ಯಡ್ ಆಯ್ತು, ಮಗಳು ಇನ್ವೈಟ್ ಕಳಿಸಿದ್ಲು, ಅವನು ಬಂದ. ಇಬ್ರೂ ಸೇರಿ ಈಗ ಹಳ್ಳ ತೋಡಿ ಕುರಿ ಕೂಡ್ತಿದಾರೆ. ಪೇಡೆಯವರಿಗೂ ಕುಡ್ಲದವರಿಗೂ ತುಂಬ ತುಂಬ ಥ್ಯಾಂಕ್ಸ್. ಇನ್ನು ಎರಡೇ ಪ್ರಶ್ನೆ. ಆಡ್ತಾ ಮಾತಾಡೋದು ಹೇಗೆ? ಈ ಸ್ಟ್ಯಾಟಿಕ್ ಐಪಿ ಇಟ್ಕೊಳ್ಳಲಾ, ಬಿಡಲಾ?

ಧಾರವಾಡ_ಪೇಡೆ
ಮೈನ್‌ಕ್ರಾಫ್ಟ್ ಒಳಗ ಮಾತಾಡೂ ವ್ಯವಸ್ಥೆ ಇಲ್ಲರೀ. ಪಿಎಸ್‌ನ್ಯಾಗ ಮಾತಾಡೂ ಪಾರ್ಟಿ ಐತಿ, ಅದು ಸ್ವಿಚ್‌ಗೆ ಮುಟ್ಟಂಗಿಲ್ಲ. ವಾಟ್ಸಾಪ್ ಕಾಲ್ ಹಚ್ಚಿ ಫೋನ್ ಸ್ಪೀಕರ್‌ಗೆ ಹಾಕಿ ಟಿವಿ ಬಾಜೂಕ ಇಡ್ರಿ, ನಮ್ಮ ಮನ್ಯಾಗ ಹಂಗ ನಡದೈತಿ.

ಕೇಬಲ್_ಕಿಟ್ಟಣ್ಣ
ಐಪಿ ಬಿಡಬೇಡಿ. ವರ್ಲ್ಡಿಗೆ ಸಲೀಸಾಗಿ ಸೇರಿಕೊಂಡ್ರಲ್ಲ, ಅದು ನ್ಯಾಟ್ 2 ಇರೋದಕ್ಕೆ.

ಕುಡ್ಲ_ಬ್ಲಾಕ್ಸ್
ತಿಂಗಳು ಮುಗಿದ ಮೇಲೆ ಒಮ್ಮೆ ತೆಗೆಸಿ ನೋಡಿ. ಅದಿಲ್ಲದೆಯೂ ಸೇರ್ಲಿಕ್ಕೆ ಆದರೆ ಸುಮ್ಮನೆ ಯಾಕೆ ದುಡ್ಡು? ನಮ್ಮದೂ ಸಿಜಿನ್ಯಾಟೇ, ದುಬೈಯಲ್ಲಿರುವ ಅಣ್ಣನ ಮಕ್ಕಳ ಜೊತೆ ಆರಾಮ ನಡೀತದೆ.

ಕೇಬಲ್_ಕಿಟ್ಟಣ್ಣ
ನಿಮ್ಮದು ನಡೀತು ಅಂತ ಎಲ್ಲರದ್ದೂ ನಡೆಯಲ್ಲ. ಎರಡೂ ಕಡೆ ನ್ಯಾಟ್ ಬಿಗಿ ಇದ್ರೆ ಕೈ ಕೊಡುತ್ತೆ. ಡಬ್ಲಿನ್ ಕಡೆ ರೂಟರ್ ಯಾವುದು ಅಂತ ಯಾರಾದ್ರೂ ಕೇಳಿದ್ರಾ?