ಬೆಂಗಳೂರು–ಲಂಡನ್ ವಿಮಾನ: ಹೋಗಲು ಆರು ಗಂಟೆ, ಬರಲು ಹದಿನಾಲ್ಕು ಗಂಟೆಯೇ?

ಪ್ರಶ್ನೆ (ಕೋಡಿಬಾಗ, ಕಾರವಾರ)

ಎಲ್ಲರಿಗೂ ನಮಸ್ಕಾರ. ಲಂಡನ್ನಿನಲ್ಲಿರುವ ತಂಗಿಯ ಬಾಣಂತನಕ್ಕೆಂದು ನಮ್ಮ ಆಯಿ ಜೂನ್ ತಿಂಗಳಲ್ಲಿ ಮೊದಲ ಬಾರಿಗೆ ವಿಮಾನ ಹತ್ತಲಿದ್ದಾರೆ. ಬೆಂಗಳೂರಿನಿಂದ ಮಧ್ಯಾಹ್ನ 1 ಗಂಟೆಗೆ ಹೊರಟು ಅದೇ ಸಂಜೆ 7.15ಕ್ಕೆ ಲಂಡನ್ ತಲುಪುವುದೆಂದು ಟಿಕೆಟ್ಟಿನಲ್ಲಿದೆ. ಸೆಪ್ಟೆಂಬರಿನಲ್ಲಿ ಮರಳುವಾಗ ಅಲ್ಲಿ ಮಧ್ಯಾಹ್ನ 3ಕ್ಕೆ ಹೊರಟರೆ ಬೆಂಗಳೂರು ಮುಟ್ಟುವುದು ಮರುದಿನ ಬೆಳಗಿನ 5.15ಕ್ಕೆ. ದಾರಿ ಒಂದೇ ಆಗಿರುವಾಗ ಇಷ್ಟು ವ್ಯತ್ಯಾಸ ಹೇಗೆ? ಹನ್ನೆರಡು ಗಂಟೆಗೊಮ್ಮೆ ಮಾತ್ರೆ ತೆಗೆದುಕೊಳ್ಳುವ ಅವರಿಗೆ ಸರಿಯಾದ ಲೆಕ್ಕ ಹೇಳಬೇಕಾಗಿದೆ.

ಉತ್ತರ (ಹೊನ್ನಾವರ)

ಟಿಕೆಟ್ಟಿನಲ್ಲಿ ಮುದ್ರಿಸುವುದು ಆಯಾ ಊರಿನ ಗಡಿಯಾರದ ಹೊತ್ತು. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ, ಆ ಅವಧಿಯಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತಾರೆ. ಚಳಿಗಾಲದಲ್ಲಿ ಐದೂವರೆ ಗಂಟೆ. ಹೋಗುವಾಗ ಆರೂಕಾಲು ಗಂಟೆಗೆ ನಾಲ್ಕೂವರೆ ಕೂಡಿಸಿದರೆ 10 ಗಂಟೆ 45 ನಿಮಿಷ; ಬರುವಾಗ ಹದಿನಾಲ್ಕೂಕಾಲರಲ್ಲಿ ನಾಲ್ಕೂವರೆ ಕಳೆದರೆ 9 ಗಂಟೆ 45 ನಿಮಿಷ. ಉಳಿಯುವ ಒಂದು ಗಂಟೆಯ ವ್ಯತ್ಯಾಸ ಗಾಳಿಯದು. ವಿಮಾನಗಳು ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಗಾಳಿಯ ಬಲ ಕಂಡ ಮೀನುಗಾರರ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಉತ್ತರ (ಶಿರಸಿ)

ದೂರದ ಬಗೆಗೂ ಒಂದು ಮಾತು. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಲು ನಾನು ಅಡಿಕೆ ಚೀಲ ಹೊಲಿಯುವ ದಾರವನ್ನೇ ಬಳಸುತ್ತೇನೆ. ಭೂಗೋಳದ ಮೇಲೆ ಬೆಂಗಳೂರಿನಲ್ಲಿ ಒಂದು ತುದಿ ಒತ್ತಿ ಹಿಡಿದು, ಲಂಡನ್ನಿನವರೆಗೆ ಬಿಗಿಯಾಗಿ ಎಳೆದರೆ ದಾರವು ಗುಜರಾತಿನ ಅಂಚು, ಕರಾಚಿಯ ಆಸುಪಾಸು, ಇರಾನ್, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ಭಾಗ, ಉಕ್ರೇನ್ ದಾಟಿ ಹೋಗುತ್ತದೆ. ಗೋಡೆಯ ನಕ್ಷೆಯಲ್ಲಿ ಅಳತೆಪಟ್ಟಿ ಇಟ್ಟು ಎಳೆದ ಗೆರೆಗಿಂತ ಇದು ಬಹಳ ಉತ್ತರಕ್ಕೆ ಬಾಗಿರುತ್ತದೆ. ಈ ದಾರದ ಉದ್ದ ಸುಮಾರು 8,000 ಕಿಲೋಮೀಟರ್. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಒಂಬತ್ತು ಗಂಟೆ ಸಾಕೆನಿಸುತ್ತದೆ. ಆದರೆ 2022ರ ಫೆಬ್ರವರಿಯಲ್ಲಿ ಯುದ್ಧ ತೊಡಗಿದಾಗ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವೂ ಭಾರತೀಯ ವಿಮಾನ ಸಂಸ್ಥೆಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಹೀಗೆ ಸುತ್ತು ಬಳಸಿದಾಗ ಹೊತ್ತು ಏರುತ್ತದೆ. ಏರುವುದಕ್ಕೆ, ಇಳಿಯುವುದಕ್ಕೆ, ರನ್‌ವೇಗೆ ಸರದಿ ಕಾಯುವುದಕ್ಕೆ ಹಿಡಿಯುವ ಸಮಯವೂ ಅದರೊಳಗೇ ಸೇರಿದೆ.

ಉತ್ತರ (ಅಂಕೋಲಾ)

ನನಗೆ ಹೆಚ್ಚು ಚಿಂತೆಯಾಗುವುದು ಕಾರವಾರದಿಂದ ದೇವನಹಳ್ಳಿಯವರೆಗಿನ ದಾರಿಯದು. ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯಿಡೀ ಸಾಗಿ ಬೆಳಿಗ್ಗೆ ಬೆಂಗಳೂರು ಸೇರುತ್ತದೆ. ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇನ್ನೂ ಮೂವತ್ತೈದು ಕಿಲೋಮೀಟರ್. 1 ಗಂಟೆಯ ವಿಮಾನಕ್ಕೆ 10ಕ್ಕೇ ಅಲ್ಲಿರಬೇಕು. ಜೂನ್ ಮಳೆಯಲ್ಲಿ ಘಟ್ಟದ ದಾರಿಯನ್ನು ನೆಚ್ಚಿ ಕೂರಬೇಡಿ. ದಯವಿಟ್ಟು ಆಯಿಯವರನ್ನು ಒಂದು ದಿನ ಮೊದಲೇ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಿಂದಿನ ದಿನದ ರೈಲಿಗೇ ಟಿಕೆಟ್ ಮಾಡಿಸುತ್ತೇವೆ. ಲಂಡನ್ನಿನಲ್ಲಿ ಇಳಿಯುವವರೆಗೆ ಆಯಿ ತಮ್ಮ ಕೈಗಡಿಯಾರದ ಮುಳ್ಳು ತಿರುಗಿಸುವುದಿಲ್ಲ. ಇಳಿಯುವಾಗ ಅದರಲ್ಲಿ ರಾತ್ರಿ 11.45 ಆಗಿರುತ್ತದೆ ಎಂದು ಕಾಗದದಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದೇನೆ. ರಾತ್ರಿ 8ರ ಮಾತ್ರೆಯನ್ನು ವಿಮಾನದಲ್ಲೇ ತೆಗೆದುಕೊಳ್ಳಬಹುದೆಂದು ವೈದ್ಯರೂ ಒಪ್ಪಿದ್ದಾರೆ.