ಮೂರು ಪಟ್ಟಣ, ಒಂದು ಯುವಜನ ಕೇಂದ್ರ: ಯಾರ ಪಾಲು ಎಷ್ಟು?

ಪ್ರಶ್ನೆ (ಸಣ್ಣ ಪಟ್ಟಣವೊಂದರ ಸ್ಥಳೀಯ ಸಂಸ್ಥೆಯ ಸದಸ್ಯೆ):
ನಮಸ್ಕಾರ ಸರ್. ಪಕ್ಕದ ಎರಡು ಪಟ್ಟಣಗಳ ಜೊತೆ ಸೇರಿ 15ರಿಂದ 24 ವರ್ಷದವರಿಗೆ ಒಂದು ಸೇವಾ ಕೇಂದ್ರ ನಡೆಸುವ ಮಾತಾಗಿದೆ. ಕೆಲಸ ಹುಡುಕಲು ನೆರವು, ಆಪ್ತ ಸಮಾಲೋಚನೆ, ಓದು ಬಿಟ್ಟವರನ್ನು ಅವರಿದ್ದಲ್ಲಿಗೇ ಹೋಗಿ ಮಾತಾಡಿಸುವುದು, ಇಷ್ಟು ಕೆಲಸ. ಎಲ್ಲಕ್ಕೂ ಮೂವರ ಒಪ್ಪಿಗೆ ಇದೆ. ಖರ್ಚು ಹಂಚುವ ಮಾತು ಬಂದ ಕೂಡಲೇ ಸಭೆ ತಣ್ಣಗಾಯಿತು. ದೊಡ್ಡ ಪಟ್ಟಣದವರು ಮೂವರೂ ಸಮ ಹಾಕೋಣ ಅನ್ನುತ್ತಾರೆ. ನಡುವಿನವರು ಬಳಸಿದಷ್ಟಕ್ಕೆ ಮಾತ್ರ ಕೊಡುತ್ತೇವೆ ಅನ್ನುತ್ತಾರೆ. ನಾವು ಜನಸಂಖ್ಯೆ ಪ್ರಕಾರ ಅಂತ ಪಟ್ಟು ಹಿಡಿದಿದ್ದೇವೆ. ಆ ವಯಸ್ಸಿನವರು ದೊಡ್ಡ ಪಟ್ಟಣದಲ್ಲಿ 6,000, ನಡುವಿನದರಲ್ಲಿ 3,000, ನಮ್ಮಲ್ಲಿ 1,000 ಇದ್ದಾರೆ. ಯಾವ ಲೆಕ್ಕ ನ್ಯಾಯ?

ಉತ್ತರ (ಜಂಟಿ ಸಂಸ್ಥೆಗಳ ಲೆಕ್ಕ ನೋಡಿ ನಿವೃತ್ತರಾದವರು):
ಮೇಡಂ, ಮೂವರೂ ಹೇಳುತ್ತಿರುವುದು ತಮಗೆ ಕಡಿಮೆ ಬೀಳುವ ಲೆಕ್ಕವನ್ನೇ, ನೀವೂ ಸೇರಿ. ತಪ್ಪೇನಿಲ್ಲ. ಅವರವರ ತೆರಿಗೆ ಕಟ್ಟುವವರಿಗೆ ಅವರು ಉತ್ತರ ಕೊಡಬೇಕಲ್ವಾ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಂಚುವ ಸೂತ್ರ ಸರಿಯಿಲ್ಲ ಅಂತಲೇ ಮುರಿದುಬಿದ್ದ ಜಂಟಿ ಸಂಸ್ಥೆ ನನಗೆ ಒಂದೂ ನೆನಪಿಲ್ಲ. ಹಣ ಸಾಲದ ವರ್ಷ ಏನು ಮಾಡಬೇಕು, ಒಬ್ಬರು ಹೊರಟರೆ ಏನು ಮಾಡಬೇಕು, ಈ ಎರಡನ್ನು ಬರೆದಿಡದೆ ಮುರಿದವು ಬೇಕಾದಷ್ಟು ಇವೆ.

ಈಗ ನಿಮ್ಮ ಅಂಕಿ ಹಾಕೋಣ. ಒಟ್ಟು ಖರ್ಚು 100 ಅಂತ ಇಟ್ಟುಕೊಳ್ಳಿ. ಸಮ ಹಂಚಿದರೆ ನಿಮಗೆ 33 ಬೀಳುತ್ತದೆ. ಒಬ್ಬ ಹುಡುಗ ಅಥವಾ ಹುಡುಗಿಗೆ ಅಂತ ಲೆಕ್ಕ ಹಾಕಿದರೆ ದೊಡ್ಡ ಪಟ್ಟಣದ ಆರು ಪಟ್ಟು ಕೊಟ್ಟಂತಾಯಿತು. ಇದು ನಡೆಯುವುದಿಲ್ಲ. ಯುವಜನರ ಸಂಖ್ಯೆ ಪ್ರಕಾರವೇ ಹಂಚಿದರೆ 60, 30, 10. ನೋಡಲು ಚೆನ್ನಾಗಿದೆ. ಆದರೆ ದೊಡ್ಡವರು ಮುಂದಿನ ಸಭೆಯಲ್ಲೇ ಕೇಳುತ್ತಾರೆ: 60 ಹಾಕುವವರಿಗೂ ಒಂದೇ ಮತ, 10 ಹಾಕುವವರಿಗೂ ಒಂದೇ ಮತವಾ?

ನಾನಾದರೆ ಖರ್ಚನ್ನು ಎರಡಾಗಿ ಒಡೆಯುತ್ತೇನೆ. ಕೇಂದ್ರದ ಮುಖ್ಯಸ್ಥರ ಸಂಬಳ, ಆಡಿಟ್, ಸಾಫ್ಟ್‌ವೇರ್, ವಿಮೆ, ಇವು ಒಂದು ಪಟ್ಟಣವಿದ್ದರೂ ಮೂರಿದ್ದರೂ ಹೆಚ್ಚುಕಡಿಮೆ ಅಷ್ಟೇ. ಇದನ್ನು 15 ಅಂತ ಹಿಡಿದು ಮೂವರೂ ತಲಾ 5 ಹಾಕಲಿ. ಉಳಿದ 85 ಯುವಜನರ ಸಂಖ್ಯೆ ಪ್ರಕಾರ. ಆಗ 56, 30.5, 13.5 ಆಗುತ್ತದೆ. ನಿಮಗೆ ಮೂರೂವರೆ ಜಾಸ್ತಿ ಬಿತ್ತು, ನಿಜ. ಅದು ಆಡಳಿತ ಮಂಡಳಿಯಲ್ಲಿ ನಿಮ್ಮ ಪೂರ್ತಿ ಕುರ್ಚಿಗೆ ಕೊಟ್ಟ ಬೆಲೆ ಅಂದುಕೊಳ್ಳಿ. ಹಾಗಂತ ಆ 15 ಅನ್ನು 30ಕ್ಕೆ ಏರಿಸಲು ಯಾರಾದರೂ ಬಂದರೆ ಒಪ್ಪಬೇಡಿ. ಆಗ ನಿಮ್ಮ ಪಾಲು 17 ಆಗುತ್ತದೆ. ಯಾವ ಖರ್ಚು ಯಾವ ಡಬ್ಬಕ್ಕೆ ಹೋಗುತ್ತದೆ ಅಂತ ಸಾಲುಸಾಲಾಗಿ ಬರೆಸಿಕೊಳ್ಳಿ. ಚೌಕಾಸಿ ನಡೆಯುವುದು ಅಲ್ಲೇ.

ಇನ್ನೊಂದು. ಒಟ್ಟು ಜನಸಂಖ್ಯೆ ಬೇಡ, ಆ ವಯಸ್ಸಿನವರ ಸಂಖ್ಯೆಯನ್ನೇ ಹಿಡಿಯಿರಿ. ವಯಸ್ಸಾದವರು ಜಾಸ್ತಿ ಇರುವ ಊರು ಬೇರೆಯವರ ಮಕ್ಕಳಿಗೆ ದುಡ್ಡು ಕಟ್ಟುವಂತಾಗಬಾರದು. ಹಾಸ್ಟೆಲ್ಲುಗಳಿರುವ ಊರಾದರೆ ಓದಲು ಬಂದವರನ್ನು ಎಲ್ಲಿ ಎಣಿಸಬೇಕು ಅನ್ನುವುದನ್ನೂ ತೀರ್ಮಾನ ಮಾಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯ):
ಸರ್, ಬಳಸಿದಷ್ಟಕ್ಕೆ ಕೊಡುವುದರಲ್ಲಿ ಏನು ತಪ್ಪು? ನೀರಿಗೆ, ಕರೆಂಟಿಗೆ ಹಾಗೇ ತಾನೆ ಕೊಡುವುದು?

ಉತ್ತರ:
ನೀರಿನ ಬಿಲ್ಲು ಜಾಸ್ತಿ ಬಂದರೆ ನಲ್ಲಿ ತಿರುಗಿಸುತ್ತೀರಿ. ಇಲ್ಲೂ ಅದೇ ಆಗುತ್ತದೆ. ತೊಂದರೆ ಇರುವುದು ಅಲ್ಲೇ.

ಒಂದು ವರ್ಷ 400 ಜನ ಬಂದರು ಅಂತಿಟ್ಟುಕೊಳ್ಳಿ. ದೊಡ್ಡ ಪಟ್ಟಣದಿಂದ 300, ನಡುವಿನದರಿಂದ 40, ಸಣ್ಣದರಿಂದ 60. ಬಳಕೆ ಲೆಕ್ಕದಲ್ಲಿ ಪಾಲು 75, 10, 15. ಸಾವಿರ ಯುವಜನರಿರುವ ಪಟ್ಟಣ ಮೂರು ಸಾವಿರ ಇರುವ ಪಟ್ಟಣಕ್ಕಿಂತ ಜಾಸ್ತಿ ಕಟ್ಟಬೇಕು. ಯಾಕೆ? ಅಲ್ಲಿನ ಶಾಲೆಯವರು ಚುರುಕಾಗಿ ಮಕ್ಕಳನ್ನು ಕಳಿಸಿದರು ಅಂತ. ಮುಂದಿನ ವರ್ಷ ಯಾರೋ ಅಧಿಕಾರಿ ಫೋನಲ್ಲಿ ಹೇಳುತ್ತಾರೆ, ಸ್ವಲ್ಪ ನೋಡಿಕೊಂಡು ಕಳಿಸಿ ಅಂತ. ಕಾಗದದ ಮೇಲೆ ಅದು ಎಲ್ಲೂ ಬರುವುದಿಲ್ಲ. ಬರಬೇಕಾದ ಹುಡುಗ ಮಾತ್ರ ಮನೆಯಲ್ಲೇ ಕೂರುತ್ತಾನೆ.

ಅದೂ ಅಲ್ಲದೆ, ಮನೆಯಿಂದ ಹೊರಗೇ ಬರದವರನ್ನು ಹುಡುಕುವುದು ಈ ಕೇಂದ್ರದ ಕೆಲಸ. ನಡುವಿನ ಪಟ್ಟಣದಿಂದ 40 ಜನ ಮಾತ್ರ ಬಂದರು ಅಂದರೆ ಅಲ್ಲಿ ಕಷ್ಟ ಕಡಿಮೆ ಅಂತ ಅರ್ಥವಲ್ಲ. ಬಸ್ಸಿಲ್ಲದಿರಬಹುದು, ಹೆಸರೇ ಕೇಳಿರದಿರಬಹುದು. ಕಡಿಮೆ ಬಳಕೆಗೆ ರಿಯಾಯಿತಿ ಕೊಟ್ಟರೆ ಕೆಲಸ ಮಾಡದ್ದಕ್ಕೆ ಬಹುಮಾನ ಕೊಟ್ಟ ಹಾಗೆ.

ಬಳಕೆಯನ್ನು ಸೇರಿಸಲೇಬೇಕು ಅಂದರೆ ಸಣ್ಣ ಭಾಗಕ್ಕೆ ಮಾತ್ರ ಸೇರಿಸಿ. ಒಂದು ವರ್ಷದ್ದಲ್ಲ, ಮೂರು ವರ್ಷದ ಸರಾಸರಿ ತೆಗೆದುಕೊಳ್ಳಿ. ಯಾರ ಪಾಲೂ ವರ್ಷಕ್ಕೆ ಇಷ್ಟಕ್ಕಿಂತ ಏರಬಾರದು ಅಂತ ಮಿತಿಯೂ ಇರಲಿ. ಬಜೆಟ್ ಮಾಡುವವರಿಗೆ ದೊಡ್ಡ ಮೊತ್ತ ಬಂದರೆ ಬೇಸರವಾಗುತ್ತದೆ, ಗೊತ್ತಿಲ್ಲದ ಮೊತ್ತ ಬಂದರೆ ಸಿಟ್ಟೇ ಬರುತ್ತದೆ.

ಪ್ರಶ್ನೆ (ದೊಡ್ಡ ಪಟ್ಟಣವೊಂದರ ಕಚೇರಿಯವರು):
ನಾವು ಕಟ್ಟಡ ಬಿಟ್ಟಿ ಕೊಡುತ್ತಿದ್ದೇವೆ. ಸಂಬಳದ ಕೆಲಸವನ್ನೂ ನಮ್ಮ ಕಚೇರಿಯೇ ಮಾಡುತ್ತದೆ. ಇದಕ್ಕೆ ಲೆಕ್ಕ ಬೇಡವಾ?

ಉತ್ತರ:
ಖಂಡಿತ ಬೇಕು. ಬಿಟ್ಟಿ ಅಂತ ಕೊಟ್ಟದ್ದೇ ಮುಂದೆ ಹೆಚ್ಚು ಜಗಳ ತರುತ್ತದೆ. ಐದು ವರ್ಷ ಸುಮ್ನೆ ಕೊಟ್ಟು ಆರನೇ ವರ್ಷ 'ನಾವಿಲ್ಲದಿದ್ದರೆ' ಅಂತ ಶುರುವಾಗುತ್ತದೆ.

ಬೆಲೆ ಕಟ್ಟುವ ರೀತಿ ಹೀಗೆ: ಆ ಕಟ್ಟಡ ಇಲ್ಲದಿದ್ದರೆ ಕೇಂದ್ರಕ್ಕೆ ಬೇಕಾದಷ್ಟು ಜಾಗಕ್ಕೆ ಎಷ್ಟು ಬಾಡಿಗೆ ಕೊಡಬೇಕಿತ್ತು? ಅಷ್ಟೇ. ಖಾಲಿ ಬಿದ್ದಿದ್ದ ಮೂರು ಮಹಡಿಯನ್ನೂ ಲೆಕ್ಕಕ್ಕೆ ಸೇರಿಸಬೇಡಿ. ಆ ಬಾಡಿಗೆ ಮೊತ್ತವನ್ನು ಕೇಂದ್ರದ ಖರ್ಚು ಅಂತ ಒಂದು ಕಡೆ ತೋರಿಸಿ, ನಿಮ್ಮ ವಂತಿಗೆ ಅಂತ ಇನ್ನೊಂದು ಕಡೆ ತೋರಿಸಿ. ಸಂಬಳದ ಕೆಲಸಕ್ಕೂ ವರ್ಷಕ್ಕೆ ಇಷ್ಟು ಅಂತ ನಿಗದಿ ಮಾಡಿ.

ಹೀಗೆ ವಸ್ತು, ಜನ ಕೊಡುವುದು ಹೊಸದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1998ರ ಒಂದು ಕಾಯ್ದೆಯ ಪ್ರಕಾರ, ಅಪರಾಧದ ದಾರಿ ಹಿಡಿದ ಎಳೆಯರ ಜೊತೆ ಕೆಲಸ ಮಾಡಲು ಸ್ಥಳೀಯ ಸಂಸ್ಥೆಗಳು ತಂಡ ಕಟ್ಟಲೇಬೇಕು. ಎರಡು ಮೂರು ಸಂಸ್ಥೆಗಳು ಸೇರಿ ಒಂದೇ ತಂಡ ಮಾಡಿಕೊಳ್ಳಬಹುದು ಅಂತ ಕಾಯ್ದೆಯೇ ಹೇಳುತ್ತದೆ. ಆ ತಂಡದಲ್ಲಿ ಪೊಲೀಸ್, ಆರೋಗ್ಯ, ಶಿಕ್ಷಣ, ಸಮಾಜ ಸೇವೆ ಎಲ್ಲ ಕಡೆಯ ಒಬ್ಬೊಬ್ಬರಾದರೂ ಇರಬೇಕು. ಖರ್ಚನ್ನು ನೇರವಾಗಿ ಭರಿಸಬಹುದು, ಇಲ್ಲವೇ ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳುವ ಒಂದೇ ನಿಧಿಗೆ ಹಾಕಬಹುದು. ಎರಡು ದಾರಿಯೂ ಬಿಟ್ಟಿದ್ದಾರೆ. ಫಿನ್ಲೆಂಡ್‌ನಲ್ಲೂ 2017ರಲ್ಲಿ ಜಾರಿಗೆ ಬಂದ ಯುವಜನ ಕಾಯ್ದೆ 29 ತುಂಬದವರನ್ನೆಲ್ಲ ಯುವಜನ ಅನ್ನುತ್ತದೆ. ಅಲ್ಲಿ ಹಲವು ಸ್ಥಳೀಯ ಸಂಸ್ಥೆಗಳು ಕೂಡಿ, ಹುಡುಕಿಕೊಂಡು ಹೋಗುವ ಕೆಲಸ ಮಾಡಬಹುದು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಒಂದಕ್ಕಿಂತ ಜಾಸ್ತಿ ಪಟ್ಟಣಗಳು ಸೇರಿ ಯುವಸೇವಾ ಕಚೇರಿ ತೆರೆಯಲು ಕಾನೂನಿನಲ್ಲೇ ಅವಕಾಶವಿದೆ. ನಿಮ್ಮ ಕಾನೂನಿನಲ್ಲಿ ಹೀಗೆ ಕೂಡಿ ಖರ್ಚು ಮಾಡಲು ಯಾವ ಕಲಮು ಇದೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಆಡಿಟ್‌ನವರು ನೋಡುತ್ತಾರೆ.

ಪ್ರಶ್ನೆ (ಮೊದಲು ಕೇಳಿದ ಸದಸ್ಯೆ):
ಹೊರಹೋಗುವ ವಿಷಯ ಹೇಳಿದಿರಿ. ಇನ್ನೂ ಶುರುವೇ ಆಗಿಲ್ಲ, ಈಗಲೇ ಬಿಡುವ ಮಾತಾಡಿದರೆ ಅಪಶಕುನ ಅನ್ನುತ್ತಾರೆ ಸರ್.

ಉತ್ತರ:
ಅನ್ನಲಿ. ಎಲ್ಲರೂ ನಗುನಗುತ್ತಾ ಕೂತಿರುವಾಗಲೇ ಬರೆಯಬೇಕಾದದ್ದು ಅದು. ಮುಖ ತಿರುಗಿಸಿದ ಮೇಲೆ ಒಂದು ವಾಕ್ಯಕ್ಕೂ ಒಪ್ಪಿಗೆ ಸಿಗುವುದಿಲ್ಲ.

ನಾನು ಲೆಕ್ಕ ನೋಡುತ್ತಿದ್ದ ಒಂದು ಕೂಟದ ಕಥೆ ಹೇಳುತ್ತೇನೆ, ಹೆಸರು ಬೇಡ. ನಾಲ್ಕು ಸಂಸ್ಥೆಗಳಿದ್ದವು. ಕರಾರಿನಲ್ಲಿ 'ಯಾವ ಸದಸ್ಯರಾದರೂ ಲಿಖಿತ ಸೂಚನೆ ಕೊಟ್ಟು ಹೊರಹೋಗಬಹುದು' ಅಂತ ಒಂದೇ ಸಾಲು. ಎಷ್ಟು ದಿನ ಮುಂಚೆ ಅಂತ ಇಲ್ಲ. ಹಣಕಾಸು ವರ್ಷ ಮುಗಿಯಲು ಎರಡು ತಿಂಗಳಿದ್ದಾಗ ಒಬ್ಬರ ಪತ್ರ ಬಂತು. ಉಳಿದ ಮೂವರ ಬಜೆಟ್ ಆಗಲೇ ಪಾಸಾಗಿತ್ತು. ಬಾಡಿಗೆ ಕರಾರು ಇನ್ನೂ ಎರಡು ವರ್ಷ ಬಾಕಿ. ಕೊರತೆ ತುಂಬಲು ಮೊದಲು ತೆಗೆದದ್ದು ಬೀದಿಯಲ್ಲಿ ಹುಡುಗರ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರನ್ನು, ಅವರದ್ದು ತಾತ್ಕಾಲಿಕ ಕೆಲಸವಾಗಿತ್ತು ಅಂತ. ಕಟ್ಟಡ ಉಳಿಯಿತು, ಹುಡುಗರು ಬರುವುದು ನಿಂತಿತು. ಆ ಇಬ್ಬರ ಮುಖ ನೋಡಿಯೇ ಅವರು ಬರುತ್ತಿದ್ದದ್ದು. ಮುಂದಿನ ವರ್ಷ ಬಳಕೆ ಇಲ್ಲ ಅಂತ ಕೇಂದ್ರವನ್ನೇ ಮುಚ್ಚಿದರು.

ಹಾಗಾಗಿ ಹೊರಹೋಗಲು ಕನಿಷ್ಠ ಹನ್ನೆರಡು ತಿಂಗಳ ನೋಟಿಸ್ ಇರಲಿ. ಅದೂ ವರ್ಷದ ನಡುವೆ ಜಾರಿಗೆ ಬರಬಾರದು, ಹಣಕಾಸು ವರ್ಷದ ಕೊನೆಗೇ ಬರಬೇಕು. ತಾವಿದ್ದಾಗ ಒಪ್ಪಿದ ಬಾಡಿಗೆ, ಸಿಬ್ಬಂದಿಯನ್ನು ಬಿಡಿಸಬೇಕಾಗಿ ಬಂದರೆ ಕೊಡಬೇಕಾದ ಪರಿಹಾರ, ಇವುಗಳಲ್ಲಿ ಹೊರಟವರೂ ತಮ್ಮ ಪಾಲು ಹೊರಬೇಕು. ಉಳಿತಾಯದಲ್ಲಿ ಅವರಿಗೆ ಪಾಲು ಇದೆಯೋ ಇಲ್ಲವೋ ಬರೆಯಿರಿ. ನನ್ನ ಅಭಿಪ್ರಾಯ ಕೇಳಿದರೆ ಇಲ್ಲ.

ಹಣ ಸಾಲದ ವರ್ಷಕ್ಕೂ ಅಷ್ಟೇ. ಖರ್ಚು ಮೀರಿದರೆ ಅದು ತಾನಾಗಿ ಎಲ್ಲರ ಮೇಲೂ ಬೀಳಬಾರದು. ಮಂಡಳಿಯ ಒಪ್ಪಿಗೆ ಇಲ್ಲದೆ ಮುಖ್ಯಸ್ಥರು ಎಷ್ಟರವರೆಗೆ ಹೋಗಬಹುದು ಅಂತ ಮಿತಿ ಹಾಕಿ. ಮೂರು ತಿಂಗಳ ಸಂಬಳದಷ್ಟು ಮೀಸಲು ಹಣ ಇಡಿ. ಯಾವುದನ್ನು ಮೊದಲು ಕಡಿಯಬೇಕು, ಯಾವುದನ್ನು ಮುಟ್ಟಬಾರದು ಅಂತ ಸಾಲುಕ್ರಮ ಇರಲಿ. ಬೀದಿಯಲ್ಲಿ ಕೆಲಸ ಮಾಡುವವರನ್ನು ಕೊನೆಗೆ ಬರೆಯಿರಿ, ದಯವಿಟ್ಟು.

ಪ್ರತಿಕ್ರಿಯೆ (ಯುವಕರ ಜೊತೆ ಕೆಲಸ ಮಾಡುವವರು):
ಆ ಇಬ್ಬರಂತೆ ನಾನೂ ಇದ್ದೆ ಸರ್, ಬೇರೆ ಕಡೆ. ಪ್ರತಿ ವರ್ಷ ಕೊನೆಗೆ ಕೆಲಸ ಇರುತ್ತೋ ಇಲ್ವೋ ಗೊತ್ತಾಗುತ್ತಿರಲಿಲ್ಲ. ಒಬ್ಬ ಹುಡುಗ ಬಾಯಿ ಬಿಡಲು ಏಳೆಂಟು ತಿಂಗಳು ಬೇಕು. ಅಷ್ಟರಲ್ಲಿ ನಮ್ಮ ಕರಾರು ಮುಗಿಯುತ್ತದೆ.

ಉತ್ತರ:
ಮೊದಲು ಕೇಳಿದ ಮೇಡಂ, ಇವರು ಹೇಳಿದ್ದನ್ನು ಹಾಗೇ ನಿಮ್ಮ ಸಭೆಯಲ್ಲಿ ಓದಿ. ವಂತಿಗೆಯನ್ನು ಮೂರು ವರ್ಷಕ್ಕೆ ಒಟ್ಟಿಗೆ ಒಪ್ಪಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ಪ್ರಶ್ನೆ (ಇನ್ನೊಬ್ಬರು):
ಮೇಲಿನವರಿಂದ ಅನುದಾನ ಬಂದರೆ?

ಉತ್ತರ:
ಮೊದಲು ಅದನ್ನು ಒಟ್ಟು ಖರ್ಚಿನಿಂದ ಕಳೆಯಿರಿ, ಉಳಿದದ್ದನ್ನು ಹಂಚಿ. ಅನುದಾನ ಒಂದು ದಿನ ನಿಲ್ಲುತ್ತದೆ. ಕಾಯಂ ಸಂಬಳವನ್ನು ಅದರ ಮೇಲೆ ಇಡಬೇಡಿ. 'ನೀವು ಹಾಕಿದಷ್ಟು ನಾವೂ ಹಾಕುತ್ತೇವೆ' ಅನ್ನುವ ಅನುದಾನವಾದರೆ ಇನ್ನೂ ಹುಷಾರು. ಒಂದೇ ವಂತಿಗೆಯನ್ನು ಎರಡು ಅನುದಾನಕ್ಕೆ ತೋರಿಸಿ ಆಡಿಟ್‌ನಲ್ಲಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ಬೇಕಂತ ಮಾಡಿದ್ದಲ್ಲ, ಎರಡು ಕಚೇರಿಯವರು ಮಾತಾಡಿಕೊಂಡಿರಲಿಲ್ಲ ಅಷ್ಟೇ.

ಪ್ರಶ್ನೆ (ಮೊದಲು ಕೇಳಿದ ಸದಸ್ಯೆ):
ಸರ್, ಕೊನೆಯದು. ಮೊದಲು ಸಹಿ ಹಾಕಿ ಶುರು ಮಾಡೋಣ, ಸೂತ್ರ ಆಮೇಲೆ ನೋಡೋಣ ಅಂತ ದೊಡ್ಡವರು ಹೇಳುತ್ತಿದ್ದಾರೆ. ಒಪ್ಪಬಹುದಾ?

ಉತ್ತರ:
ಸೂತ್ರವನ್ನು ಬೇಕಾದರೆ ಮುಂದಕ್ಕೆ ಹಾಕಿ. ಮೊದಲ ವರ್ಷ 60, 30, 10 ಅಂತ ಹಾಕಿ ಶುರು ಮಾಡಿ. ಒಂಬತ್ತನೇ ತಿಂಗಳೊಳಗೆ ಅಂತಿಮ ಸೂತ್ರ ಆಗಬೇಕು, ಆಗದಿದ್ದರೆ ಇದೇ ಮುಂದುವರಿಯುತ್ತದೆ ಅಂತ ಬರೆಯಿರಿ. ಆಗ ಎಳೆದಾಡುವುದರಿಂದ ದೊಡ್ಡವರಿಗೇ ನಷ್ಟ, ಬೇಗ ಕೂರುತ್ತಾರೆ. ನೋಟಿಸ್, ಬಾಕಿ ಹೊಣೆ, ಕೊರತೆ, ಈ ಮೂರು ಕಲಮು ಮಾತ್ರ ಆಮೇಲೆ ಅಂದರೆ ಠರಾವಿಗೆ ಕೈ ಎತ್ತಬೇಡಿ. ಕರಡು ಬಂದರೆ ಇಲ್ಲಿ ಹಾಕಿ, ಊರಿನ ಹೆಸರು ತೆಗೆದು. ನೋಡಿ ಹೇಳುತ್ತೇನೆ.